ಬಿಳಿ ದಾರದ ಪುಡಿಕೆ

ಇವತ್ತು ಬೆಳಗ್ಗೆ ಬಾದಾಮಿ ಕಡೆಯಿಂದ ಪತ್ರಾವಳಿಯ ಎರಡು ಕಟ್ಟು ಬಂದವು. ನಾಡಿದ್ದು ಮನೆಯಲ್ಲಿ ಒಂದು ಸಣ್ಣ ಕಾರ್ಯವಿದೆ. ಯಾರದು, ಏನು ಎತ್ತ ಎಂಬುದನ್ನು ಆಮೇಲೆ ಹೇಳುತ್ತೇನೆ, ಅವಸರವೇನಿದೆ. ಮುದುಕಿಯರಿಗೆ ಕೊಡುವ ಕೆಲಸವನ್ನೇ ನನಗೂ ಕೊಟ್ಟರು. ಕಟ್ಟು ಬಿಚ್ಚುವುದು, ಹರಿದವನ್ನು ಬೇರೆ ಮಾಡುವುದು, ಧೂಳು ಒರೆಸಿ ಒಂದರ ಮೇಲೊಂದು ಜೋಡಿಸುವುದು. ಕಟ್ಟಿನ ನಾರು ಕತ್ತರಿಸಿದ ಕೂಡಲೇ ಒಣಗಿದ ಮುತ್ತಲ ಎಲೆಯ ವಾಸನೆ ಮೂಗಿಗೆ ಬಂತು. ಪುಸ್ತಕದಲ್ಲಿ ಇದನ್ನು ಮುತ್ತುಗ ಅನ್ನುತ್ತಾರಂತೆ. ನಾವು ಮುತ್ತಲ ಅಂತಲೇ ಬೆಳೆದವರು. ಬಿಸಿಲು, ಹೊಗೆ, ಸ್ವಲ್ಪ ಮಣ್ಣು ಸೇರಿದ ವಾಸನೆ ಅದು. ಎರಡನೆಯ ಕಟ್ಟಿನಲ್ಲಿ ಎಲೆಗಳ ನಡುವೆ ಒಂದು ಒಣ ಕಾಯಿ ಸಿಕ್ಕಿತು. ಹಗುರವಾದ ಚಪ್ಪಟೆ ಕಾಯಿ, ಮುಟ್ಟಿದರೆ ಕಾಗದದ ಹಾಗೆ ಸರಸರ ಅನ್ನುತ್ತದೆ. ಅಷ್ಟುದ್ದ ಕಾಯಿಯ ತುದಿಯಲ್ಲಿ ಒಂದೇ ಒಂದು ಬೀಜ.

“ಒಗೀರಿ ಅತ್ತಿ ಅದನ್ನ, ಕಸ ಐತಿ,” ಅಂದಳು ಸೊಸೆ.

ನಾನು ಒಗೆಯಲಿಲ್ಲ. ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿಕೊಂಡೆ. ಆಮೇಲೆ ಎಲೆ ಜೋಡಿಸುವ ಕೆಲಸ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕೈ ಎಲೆಯ ಮೇಲಿತ್ತು, ನಾನು ಇದೇ ಇಲಕಲ್ಲಿನ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ. ನೀವೂ ಬನ್ನಿ, ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಒಳಗೆ ಬನ್ನಿ.

ಬಾಗಿಲ ಎಡಕ್ಕೆ ಮಗ್ಗದ ಕುಣಿ. ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ನನ್ನ ಮಾವ ಬೆಳಗಿನಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದರು. ಲಾಳಿಯ ಸದ್ದು ನಿಂತರೆ ಊಟದ ಹೊತ್ತು ಎಂದು ನಮಗೆ ತಿಳಿಯುತ್ತಿತ್ತು. ಬಲಕ್ಕೆ ಪಡಸಾಲೆ, ಅದರ ಕಂಬಕ್ಕೆ ಒರಗಿ ನನ್ನ ಅತ್ತೆ ನೀಲವ್ವ. ನಾನು ಬಾಗಲಕೋಟೆಯ ಹುಡುಗಿ, ಮೂರನೆಯ ಇಯತ್ತೆಯವರೆಗೆ ಸಾಲಿ ಕಲಿತವಳು. ಆ ಬೀದಿಯಲ್ಲಿ ಓದು ಬರಹ ಬಲ್ಲ ಹೆಂಗಸು ನಾನೊಬ್ಬಳೇ ಎಂಬ ಜಂಬ ನನಗೆ ಮೂಗಿನ ತುದಿಯಲ್ಲೇ ಇತ್ತು. ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಅತ್ತೆಗೆ ಅಕ್ಷರದ ಗಂಧವಿರಲಿಲ್ಲ, ಆದರೆ ಬೀದಿಯ ಮಕ್ಕಳ ಹೊಟ್ಟೆಯೆಲ್ಲ ಅವರಿಗೆ ಬಾಯಿಪಾಠ.

ಹೊಟ್ಟೆ ಅಂದೆನಲ್ಲ, ನೀವು ಈಗ ಊಟಕ್ಕೆ ಕೂತಿದ್ದರೆ ದಯವಿಟ್ಟು ಇದನ್ನು ಮಡಚಿಟ್ಟು ಆಮೇಲೆ ಓದಿ. ನಾನು ಹೇಳಹೊರಟಿರುವುದು ಹೊಟ್ಟೆಯ ಹುಳದ ಮಾತು. ಆ ಕಾಲದಲ್ಲಿ ಮಕ್ಕಳಿಗೆ ಹುಳ ಬೀಳುವುದು ಹಲ್ಲು ಬೀಳುವಷ್ಟೇ ಸಹಜವಾಗಿತ್ತು. ಹುಡುಗ ನಿದ್ದೆಯಲ್ಲಿ ಹಲ್ಲು ಕಡಿದರೆ, ಮಣ್ಣು ತಿಂದರೆ, ಹೊಟ್ಟೆ ಗಡಿಗೆಯಾಗಿ ಕೈಕಾಲು ಕಡ್ಡಿಯಾದರೆ ತಾಯಂದಿರು ಅಮಾವಾಸ್ಯೆ ಯಾವಾಗ ಎಂದು ಎಣಿಸುತ್ತ ಕೂಡುತ್ತಿದ್ದರು. ಅಮಾವಾಸ್ಯೆಯ ಮರುದಿನ ನಸುಕಿನಲ್ಲಿ ನೀಲವ್ವ ಮುತ್ತಲ ಬೀಜದ ಉಂಡೆ ಕೊಡುತ್ತಿದ್ದರು. ಬೀಜವನ್ನು ನೀರಿನಲ್ಲಿ ನೆನೆಸಿ, ಸಿಪ್ಪೆ ಸುಲಿದು, ಒಣಗಿಸಿ, ಅರೆದು, ಬೆಲ್ಲದಲ್ಲಿ ಕಲಸಿದ ಉಂಡೆ. ಹಿಂದಿನ ಸಂಜೆ ಮಕ್ಕಳಿಗೆಲ್ಲ ಒಂದೊಂದು ಹಿಡಿ ಮಾದಲಿ. ಸಿಹಿಯ ಆಸೆಗೆ ಹುಳ ಬಾಯಿ ತೆರೆದುಕೊಂಡು ಕಾಯುತ್ತವೆ, ಮುಂಜಾನೆ ಖಾಲಿ ಹೊಟ್ಟೆಗೆ ಮದ್ದು ಹೋದರೆ ಹಸಿದ ಹುಳ ಮೋಸ ಹೋಗುತ್ತವೆ ಎಂಬುದು ಅವರ ಲೆಕ್ಕ. ಮಧ್ಯಾಹ್ನ ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಮುಂದಿನ ಕೆಲಸ ಹಿತ್ತಲಿನದು, ಅದನ್ನು ನಾನು ವರ್ಣಿಸುವುದಿಲ್ಲ.

ಅವರು ಮದ್ದು ಕೊಡುವಾಗ ಮಕ್ಕಳನ್ನು ಪಡಸಾಲೆಯಲ್ಲಿ ಊಟದ ಪಂಕ್ತಿಯ ಹಾಗೆ ಸಾಲಾಗಿ ಕೂರಿಸುತ್ತಿದ್ದರು. ಪಕ್ಕದ ಮನೆಯ ಹುಸೇನಬಿಯ ಮಗಳು ಮಾಬುವೂ ಅದೇ ಸಾಲಿನಲ್ಲಿ. ಹುಸೇನಬಿಯ ಮನೆಯವರು ನೂಲಿಗೆ ಬಣ್ಣ ಹಾಕುವವರು; ನಮ್ಮ ಮಗ್ಗಕ್ಕೆ ಕೆಂಪು ನೂಲು, ಕರಿ ನೂಲು ಅಲ್ಲಿಂದಲೇ ಬರಬೇಕು. ಊಟಕ್ಕೆ ಅವರು ಬೇರೆ ನಾವು ಬೇರೆ, ಕಾಲವೇ ಹಾಗಿತ್ತು. “ಮದ್ದಿಗಿ ಎಂಥಾ ಜಾತಿ?” ಅನ್ನುತ್ತಿದ್ದರು ಅತ್ತೆ, ಮುಂದೆ ಮಾತಿಲ್ಲ. ಮಾಬು ಮತ್ತು ನನ್ನ ಮಗಳು ಪಾರಿ ಇಬ್ಬರಿಗೂ ಆಗ ಆರು ವರ್ಷ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಕಹಿಗೆ ಮುಖ ಹಿಂಡುತ್ತ, ಒಬ್ಬರ ಮುಖ ನೋಡಿ ಒಬ್ಬರು ನಗುತ್ತಿದ್ದರು.

ಆ ವರ್ಷ ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಆ ಯುದ್ಧಕ್ಕೂ ನಮ್ಮ ಓಣಿಯ ಮಕ್ಕಳ ಹೊಟ್ಟೆಗೂ ಏನು ಸಂಬಂಧ ಅಂತೀರೇನು? ಇತ್ತು. ಹುಳಕ್ಕೆ ದವಾಖಾನೆಯಲ್ಲಿ ಕೊಡುವ ಬಿಳಿ ಪುಡಿ ಹಡಗಿನಲ್ಲಿ ಬರಬೇಕಿತ್ತು, ಹಡಗು ಬರಲೊಲ್ಲವು. ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರರು ಬಾಗಲಕೋಟೆಯ ಒಬ್ಬ ಹಕೀಮರ ಮಗ, ಮೀಸೆ ಇನ್ನೂ ಪೂರ್ತಿ ಬಲಿಯದ ಹುಡುಗ. ಅಪ್ಪ ಗಿಡಮೂಲಿಕೆಯವರು, ಮಗ ಇಂಗ್ಲಿಷ್ ಮದ್ದು ಕಲಿತು ಬಂದವರು. ಎರಡರ ನಡುವೆ ಸಿಕ್ಕಿದ್ದ ಅವರಿಗೆ, ಯಾವ ಗಿಡ ಖರೆ ಹುಳ ಕೊಲ್ಲುತ್ತದೆ, ಯಾವುದು ಬರೀ ಹೆಸರಿಗೆ ಎಂಬುದನ್ನು ಕಂಡುಹಿಡಿಯುವ ಹುಚ್ಚು. ಮುತ್ತಲ ಬೀಜದಿಂದ ಹುಳ ಬೀಳುತ್ತವೆ ಎಂದು ಎಣಿಸಿ ತೋರಿಸಿದರೆ, ಪುಡಿಯ ಬದಲು ಅದನ್ನೇ ಕೊಡಲು ಮೇಲಿನ ಕಚೇರಿ ಒಪ್ಪಿಗೆ ಕೊಡುತ್ತದೆ, ಸುತ್ತಲ ಊರುಗಳಿಗೆಲ್ಲ ಹಂಚಬಹುದು ಎಂದು ಅವರ ಆಸೆ.

ಮೊದಲು ಅವರು ಗಾಜಿನ ಗ್ಲಾಸುಗಳಲ್ಲಿ ಶುರು ಮಾಡಿದರು. ಕಟುಕರ ಅಂಗಡಿಯಿಂದ ಆಡಿನ ಕರುಳಿನ ಹುಳ ತರಿಸಿ, ಬೆಚ್ಚಗಿನ ಉಪ್ಪುನೀರಿನಲ್ಲಿ ಬಿಟ್ಟು, ಒಂದಕ್ಕೆ ಬೇವಿನ ಕಷಾಯ, ಒಂದಕ್ಕೆ ಎರೆಹೊಲದ ಬದುವಿನ ಆಡುಮುಟ್ಟದ ಗಿಡದ ರಸ, ಇನ್ನೊಂದಕ್ಕೆ ಮುತ್ತಲ ಬೀಜದ ನೀರು ಹಾಕಿ, ಗಡಿಯಾರ ಹಿಡಿದು ಯಾವುದು ಎಷ್ಟು ಹೊತ್ತಿಗೆ ಸಾಯುತ್ತದೆಂದು ಬರೆಯುತ್ತಿದ್ದರು. ಸುದ್ದಿ ಕೇಳಿ ಅತ್ತೆ ನನ್ನನ್ನು ಕರೆದುಕೊಂಡು ನೋಡಲು ಹೋದರು. ಗ್ಲಾಸಿನಲ್ಲಿ ಬಿಳಿ ಹುಳಗಳು ನಿದ್ದೆಯಲ್ಲಿ ಹೊರಳುವವರ ಹಾಗೆ ನಿಧಾನಕ್ಕೆ ಹೊರಳುತ್ತಿದ್ದವು. ಕಿಟಕಿಯ ಬಿಸಿಲು ನೀರಿನೊಳಗೆ ಬಿದ್ದು ಗೋಡೆಯ ಮೇಲೆ ನಡುಗುತ್ತಿತ್ತು. ಹೇಸಿಗೆಯ ಸಂಗತಿ, ಆದರೂ ನಾನು ಕಣ್ಣು ಕೀಳಲಾರದೆ ನಿಂತಿದ್ದೆ.

“ಗ್ಲಾಸಿನ್ಯಾಗ ಸತ್ತದ್ದು ಹೊಟ್ಯಾಗ ಸಾಯ್ತೈತಂತ ಏನ್ ಖಾತ್ರಿರಿ ಡಾಕ್ಟರ್ ಸಾಹೇಬ್ರ?” ಅಂದರು ಅತ್ತೆ. “ಗ್ಲಾಸಿಗಿ ಹಸಿವು ಇರೂದಿಲ್ಲ, ನಿದ್ದಿ ಇರೂದಿಲ್ಲ, ಅವ್ವನ ನೆನಪ ಇರೂದಿಲ್ಲ.”

ಡಾಕ್ಟರರು ಗಡಿಯಾರ ಕೆಳಗಿಟ್ಟು ನಕ್ಕರು. “ಖರೆ ಅಂದ್ರಿ ಯವ್ವಾರ. ಅದಕ್ಕ ನೀವ ನನ್ನ ಜೋಡಿ ಬರ್ರಿ. ನನ್ನ ಕೈಯಾಗಿನ ಮದ್ದ ಯಾವ ಹುಡುಗ ನುಂಗ್ತಾನ? ನಿಮ್ಮ ಕೈಲೆ ಆದ್ರ ನುಂಗ್ತಾರ.”

ಹೀಗೆ ಎಣಿಸುವ ಕೆಲಸ ನಮ್ಮ ಪಡಸಾಲೆಗೆ ಬಂತು. ಹದಿನೆಂಟು ಮಕ್ಕಳು, ಮೂರು ಬಗೆಯ ಪುಡಿಕೆ. ಕೆಂಪು ದಾರ ಕಟ್ಟಿದ ಆರು ಪುಡಿಕೆಯಲ್ಲಿ ಮುತ್ತಲ ಬೀಜದ ಉಂಡೆ. ಕರಿ ದಾರದ ಆರರಲ್ಲಿ ದವಾಖಾನೆಯಲ್ಲಿ ಉಳಿದಿದ್ದ ಕೊನೆಯ ಬಿಳಿ ಪುಡಿ. ಬಿಳಿ ದಾರದ ಆರರಲ್ಲಿ ಬರೀ ಬೆಲ್ಲ ಮತ್ತು ಪುಠಾಣಿ ಹಿಟ್ಟು, ಮದ್ದು ಏನೂ ಇಲ್ಲ. ದಾರ ಹುಸೇನಬಿ ಕೊಟ್ಟದ್ದು.

“ಬರೀ ಬೆಲ್ಲ ಯಾಕ್ರಿ?” ಅತ್ತೆ ಕೇಳಿದರು.

“ಮದ್ದ ಇಲ್ಲದನೂ ಒಂದೆರಡ ಹುಳ ತಾವ ಬೀಳ್ತಾವರಿ. ಅವು ಎಷ್ಟಂತ ಗೊತ್ತಾಗದಿದ್ರ, ಮದ್ದಿಗಿ ಬಿದ್ದದ್ದು ಎಷ್ಟಂತ ಹೆಂಗ ಹೇಳ್ಲಿ? ಬಿಳಿ ದಾರದವರಿಗಿ ಆಮ್ಯಾಲ ಕೊಡೂಣು, ಮ್ಯಾಲಿನವರ ಉತ್ತರ ಬಂದ ಮ್ಯಾಲ.”

“ಅಂದ್ರ ಯಾವಾಗ?”

“ತಿಂಗಳಾಗಬಹುದು, ಎರಡಾಗಬಹುದು.”

ಅತ್ತೆ ಒಂದು ಬಿಳಿ ದಾರದ ಪುಡಿಕೆ ಎತ್ತಿ, ಮತ್ತೆ ಕೆಳಗಿಟ್ಟರು. ಒಂದೇ ಸಾಲಿನಲ್ಲಿ ಕೂತ ಮಕ್ಕಳಿಗೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಬಡಿಸುವ ಮಾತು ಅವರಿಗೆ ಒಗ್ಗಲಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ನನಗೆ ನನ್ನದೇ ಚಿಂತೆ. ಪಾರಿಯ ಹೊಟ್ಟೆ ಆ ಬೇಸಿಗೆಯಲ್ಲಿ ತಂಬೂರಿಯಾಗಿತ್ತು. ಕದ್ದು ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು. ಕಣ್ಣ ಕೆಳಗಿನ ರೆಪ್ಪೆ ಎಳೆದು ನೋಡಿದರೆ ರಕ್ತದ ಕೆಂಪೇ ಇಲ್ಲ. ಅವಳ ಹಿಂದಿನದೊಂದು ಕೂಸನ್ನು ನಾನು ಆಗಲೇ ಕಳೆದುಕೊಂಡಿದ್ದೆ. ರಾತ್ರಿ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಹೆಸರಿನ ಚೀಟಿ ಬರೆಯುವ ದೊಡ್ಡ ಹುದ್ದೆ ನನಗೆ ಸಿಕ್ಕಿತ್ತು. ಡಾಕ್ಟರರು ತಮ್ಮ ಟೋಪಿಯಲ್ಲಿ ಚೀಟಿ ಹಾಕಿ ಕುಲುಕಿ, ಒಂದೊಂದಾಗಿ ಎತ್ತಿ, ಒಂದೊಂದು ಪುಡಿಕೆಯ ದಾರದ ಕೆಳಗೆ ಸಿಕ್ಕಿಸಿದರು. ಯಾರಿಗೆ ಯಾವುದು ಎಂಬುದು ದೇವರ ಕೈ, ನಮ್ಮ ಕೈ ಅಲ್ಲ ಅಂದರು. ಮಾಬುವಿಗೆ ಕೆಂಪು ದಾರ. ಪಾರಿಗೆ ಬಿಳಿ.

ಪುಡಿಕೆಗಳನ್ನು ಬುಟ್ಟಿಯಲ್ಲಿಟ್ಟು ಡಾಕ್ಟರರು ಹೋದರು. ಇನ್ನೂ ಸಂಜೆಯ ಬೆಳಕಿತ್ತು. ಮಾವ ಮಗ್ಗದಲ್ಲಿದ್ದರು, ಅತ್ತೆ ಬಾಗಿಲಲ್ಲಿ ಕೂತು ಹಿತ್ತಲ ಕಡೆ ಮುಖ ಮಾಡಿ ಮಾದಲಿ ಬೀಸಲು ಗೋಧಿ ಹಸನು ಮಾಡುತ್ತಿದ್ದರು. ನಾನು ಬುಟ್ಟಿಯ ಮುಂದೆ ಕೂತೆ. ಎರಡು ಚೀಟಿ ಎಳೆದೆ, ಎರಡು ಚೀಟಿ ಸಿಕ್ಕಿಸಿದೆ. ಲಾಳಿ ಆ ಕಡೆಯಿಂದ ಈ ಕಡೆಗೆ ಒಮ್ಮೆ ಬಂದು ಹೋಗುವಷ್ಟು ಹೊತ್ತು, ಅಷ್ಟೇ. ಕೆಂಪು ದಾರದ ಕೆಳಗೆ ಪಾರಿ, ಬಿಳಿ ದಾರದ ಕೆಳಗೆ ಮಾಬು. ಆ ದಾರ ಹುಸೇನಬಿ ತನ್ನ ಕೈಯಿಂದ ಬಣ್ಣ ಹಾಕಿ ಕೊಟ್ಟ ದಾರ ಎಂಬುದು ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೂ ಮಾಡಿದೆ.

ಮರುದಿನ ನಸುಕಿನಲ್ಲಿ ನಾನು ನೀರು ಸೇದಿ ಬರುವಷ್ಟರಲ್ಲಿ ಅತ್ತೆ ಎಲ್ಲರಿಗೂ ಮದ್ದು ಕೊಟ್ಟು ಮುಗಿಸಿದ್ದರು. ಮಕ್ಕಳು ಸಾಲಾಗಿ ಕೂತಿದ್ದರು, ಮುಖ ಹಿಂಡುತ್ತಿದ್ದರು. ದಾರಗಳು ಒಲೆಯ ಬಳಿ ಒಂದು ಮುದ್ದೆಯಾಗಿ ಬಿದ್ದಿದ್ದವು. ನಾನು ಪಾರಿಯ ಬಾಯಿ ಮೂಸಿ ನೋಡಿದೆ. ಬೀಜದ ಕಹಿ ವಾಸನೆ ಬಂತು. ಸಮಾಧಾನವಾಯಿತು. ಮಾಬುವಿನ ಕಡೆ ನೋಡಲಿಲ್ಲ.

ಮುಂದಿನದು ಕನಸೋ ನನಸೋ ಎಂದು ಇವತ್ತಿಗೂ ನನಗೆ ಅನುಮಾನ. ಬಿಸಿಲು ಏರಿದ ಮೇಲೆ ಪಾರಿ ಹಿತ್ತಲಲ್ಲಿ ನಿಂತು ಕಣ್ಣು ಉಜ್ಜಿಕೊಳ್ಳುತ್ತಿದ್ದಳು. “ಯವ್ವಾ, ಆಕಳಕ ಅರಿಶಿಣ ಹಚ್ಚೀರೇನ?” ಅಂದಳು. ನಮ್ಮದು ಬಿಳಿ ಆಕಳು. ಅಷ್ಟರಲ್ಲಿ ಮಾಬು ಓಡಿ ಬಂದು ಸುಣ್ಣದ ಗೋಡೆ ಮುಟ್ಟಿ ಮುಟ್ಟಿ ನೋಡಿದಳು. ಓಣಿಯ ಆ ತುದಿಯಿಂದ ಒಬ್ಬ ಹುಡುಗ ಜೋಳದ ರೊಟ್ಟಿ ಹಿಡಿದು ಬಂದು ಇದು ರೊಟ್ಟಿಯೋ ಹೋಳಿಗೆಯೋ ಎಂದು ಕೇಳಿದ. ಸ್ವಲ್ಪ ಹೊತ್ತಿನಲ್ಲಿ ಹತ್ತು ಹನ್ನೆರಡು ಮಕ್ಕಳು ನಮ್ಮ ಮನೆಯ ಮುಂದೆ ಮುಖ ಮೇಲೆತ್ತಿ ನಿಂತಿದ್ದರು. ಆಕಾಶ ಹಳದಿ, ಹಾಲು ಹಳದಿ, ಮಗ್ಗದ ಮೇಲಿನ ಬಿಳಿ ನೂಲು ಹಳದಿ. ಹೆದರಬೇಕಾದ ಮಕ್ಕಳು ಹೆದರಲಿಲ್ಲ. ಕೈ ಚಾಚಿ ಗಾಳಿಯನ್ನೇ ಹಿಡಿಯಲು ನೋಡುತ್ತಿದ್ದರು. ಮಾಬು ನನ್ನ ಸೆರಗು ಹಿಡಿದು, “ಚಿಗವ್ವ, ನಿಮ್ಮ ಮನಿ ಬಂಗಾರದ್ದ ಆಗೇತಿ,” ಅಂದಳು. ನನಗೆ ಮಾತ್ರ ಎಲ್ಲವೂ ಇದ್ದ ಬಣ್ಣದಲ್ಲೇ ಕಾಣುತ್ತಿತ್ತು. ಆ ಹೊತ್ತಿಗೆ ನನಗೆ ಹೊಟ್ಟೆಕಿಚ್ಚಾಯಿತು.

ಡಾಕ್ಟರರು ಬಂದರು, ಮಕ್ಕಳನ್ನು ನೋಡಿದರು, ಬಾಗಿಲಲ್ಲೇ ನಿಂತುಬಿಟ್ಟರು. ದವಾಖಾನೆಯ ಬಿಳಿ ಪುಡಿಯ ಗುಣವೇ ಅದಂತೆ. ತಿಂದವರಿಗೆ ಒಂದು ದಿನ ಜಗತ್ತು ಹಳದಿ ಕಾಣುತ್ತದೆ. ಆ ಪುಡಿ ಹೋಗಬೇಕಾದದ್ದು ಆರೇ ಮಕ್ಕಳಿಗೆ. ಇಲ್ಲಿ ಹಳದಿ ಕಾಣುತ್ತಿದ್ದವರು ಹನ್ನೆರಡು ಮಂದಿ.

“ಪುಡಿಕಿ ಯಾರ ಮುಟ್ಟೀರಿ?” ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನಾಗಿಯೇ ಸೆರಗಿನ ಕೆಳಗೆ ಹೋಯಿತು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ಮುಂದೆ ಬಂದರು.

“ನಾ ಮುಟ್ಟೇನ್ರಿ. ಹದಿನೆಂಟೂ ಪುಡಿಕಿ ಬಿಚ್ಚಿ ಒಳಕಲ್ಲಿನ್ಯಾಗ ಹಾಕಿ ಕುಟ್ಟಿ, ಸಮಾ ಹದಿನೆಂಟ ಉಂಡಿ ಮಾಡಿ ಕೊಟ್ಟೆ. ಒಂದ ಸಾಲಿನ್ಯಾಗ ಕುಂದರಿಸಿ ಒಬ್ಬಗ ಮದ್ದ, ಒಬ್ಬಗ ಬೆಲ್ಲ ಹಾಕೂದು ಪಂಗ್ತಿಭೇದರಿ. ಬಸವಣ್ಣ ಮೆಚ್ಚೂದಿಲ್ಲ. ನನ್ನ ಕೈ ಒಪ್ಪಲಿಲ್ಲ.”

ಡಾಕ್ಟರರು ಜಗಲಿಯ ಮೇಲೆ ಕೂತರು. ಬೈಯುತ್ತಾರೆ ಎಂದುಕೊಂಡೆವು. ಬೈಯಲಿಲ್ಲ. ಎಷ್ಟೋ ಹೊತ್ತು ಟೋಪಿ ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಮಕ್ಕಳಿಗೆಲ್ಲ ಹುಳ ಬಿದ್ದವು. ಆದರೆ ಯಾವುದಕ್ಕೆ ಬಿದ್ದವು ಎಂದು ಹೇಳುವಂತಿರಲಿಲ್ಲ. ಉಳಿದಿದ್ದ ಬಿಳಿ ಪುಡಿಯೂ ಮುಗಿದುಹೋಗಿತ್ತು.

“ಯವ್ವಾರ,” ಅಂದರು ಕೊನೆಗೆ, “ನಿಮ್ಮ ಪಡಸಾಲ್ಯಾಗ ಕುಂತವರು ಹದಿನೆಂಟ ಮಂದಿ. ಪಂಗ್ತಿ ಅಷ್ಟಕ್ಕ ಮುಗೀತೇನ್ರಿ? ಗುಡೂರಿನ ಹುಡುಗ್ರು, ಚೊಳಚಗುಡ್ಡದ ಹುಡುಗ್ರು, ಬನಶಂಕರಿ ಕಡಿಯವರು, ಅವ್ರೂ ಅದ ಸಾಲಿನ್ಯಾಗ ಕುಂತಾರ. ನಿಮ್ಮ ಕಣ್ಣಿಗಿ ಕಾಣೂದಿಲ್ಲ, ಅಷ್ಟ. ಅವ್ರ ಎಲಿ ಇವತ್ತ ಖಾಲಿ ಉಳೀತು.”

ಅತ್ತೆ ಒಳಗೆ ಹೋಗಿ ಒಂದು ಗಿಂಡಿ ಮಜ್ಜಿಗೆ ತಂದು ಡಾಕ್ಟರರ ಮುಂದೆ ಇಟ್ಟರು. ನಮ್ಮ ಮನೆಯ ಗಿಂಡಿಯಲ್ಲಿ ಅವರಿಗೆ ಕುಡಿಯಲು ಕೊಟ್ಟದ್ದು ಅದೇ ಮೊದಲ ಸಲ. ಡಾಕ್ಟರರು ಕುಡಿದರು.

ಆಮೇಲೆ ಸುಮಾರು ದಿನ ಕಳೆದವು. ಒಂದು ಮಧ್ಯಾಹ್ನ ನಾವಿಬ್ಬರೂ ಪಡಸಾಲೆಯಲ್ಲಿ ಮುತ್ತಲ ಎಲೆ ಹರಡಿಕೊಂಡು, ಜೋಳದ ದಂಟಿನ ಸೀಳು ಕಡ್ಡಿಯಿಂದ ಪತ್ರಾವಳಿ ಹಚ್ಚುತ್ತಿದ್ದೆವು. ಅವರು ಎಲೆಯಿಂದ ತಲೆ ಎತ್ತದೆ, “ಅವತ್ತ ನೀ ಚೀಟಿ ಬದಲಿ ಮಾಡಿದ್ದು ನಾ ಕಂಡಿದ್ದೆ,” ಅಂದರು.

ಕಡ್ಡಿ ನನ್ನ ಬೆರಳಿಗೆ ಚುಚ್ಚಿತು.

“ನನಗ ಓದಾಕ ಬರೂದಿಲ್ಲಂತ ನಿನಗ ಧೈರ್ಯ. ಓದಾಕ ಬರದಿದ್ರ ಏನಾತು, ಕಣ್ಣ ಇಲ್ಲೇನ? ಗೋಧಿ ಬಿಟ್ಟ ಹೊಳ್ಳಿ ನೋಡಿದ್ದೆ. ಕೆಂಪನ್ಯಾಗಿಂದು ಬಿಳ್ಯಾಗ ಹೋತು, ಬಿಳ್ಯಾಗಿಂದು ಕೆಂಪನ್ಯಾಗ ಬಂತು. ಯಾರ ಸಲುವಾಗಿ ಅಂತ ಕೇಳಬೇಕೇನ?”

“ಅದಕ್ಕಂತನ ಎಲ್ಲಾ ಕೂಡಿಸಿದ್ರೇನ ಅತ್ತಿ?”

“ಡಾಕ್ಟರ ಮುಂದ ಪಂಗ್ತಿಭೇದ ಅಂದೆ. ಅದೂ ಖರೇನ. ಆದ್ರ ಹುಸೇನಬಿ ಮಗಳು ಬಾಯಿ ತೆರದ ಕುಂತಾಗ, ಗೊತ್ತಿದ್ದೂ ಗೊತ್ತಿದ್ದೂ ಬರೀ ಬೆಲ್ಲ ಹೆಂಗ ಹಾಕ್ಲಿ? ಚೀಟಿ ತಿರುಗಿ ಮೊದಲಿನಂಗ ಇಟ್ರ ಅದ ಬೆಲ್ಲ ನಮ್ಮ ಪಾರಿ ಬಾಯಾಗ ಹಾಕಬೇಕು. ಎರಡೂ ನನ್ನ ಕೈಲೆ ಆಗಲಿಲ್ಲವ್ವಾ. ಒಳಕಲ್ಲಿನ್ಯಾಗ ಹಾಕಿ ಕುಟ್ಟಿದೆ.” ಎರಡು ಎಲೆ ಹಚ್ಚಿದ ಮೇಲೆ ಮತ್ತೆ ಅಂದರು, “ನಿನ್ನ ಹೊಟ್ಯಾಗ ಸೇರಿದ್ದಕ್ಕ ಮಾತ್ರ ನನ್ನ ಹತ್ರ ಮದ್ದಿಲ್ಲ.”

ನನಗೆ ಅಳು ಬಂತು. ಅಳುವುದು ಬಿಟ್ಟು ಇನ್ನೇನು ಮಾಡಲು ಬರುತ್ತಿತ್ತು ನನಗೆ? ಅವರು ಅಳಲು ಬಿಟ್ಟರು. ಕೆಲಸ ನಿಲ್ಲಿಸಲಿಲ್ಲ. ನನ್ನ ಪಾಲಿನ ಎಲೆಗಳನ್ನೂ ತಮ್ಮ ಕಡೆಗೆ ಎಳೆದುಕೊಂಡರು. ಎಲೆ ಹಚ್ಚುತ್ತ ಹಚ್ಚುತ್ತ, ಯಾರಿಗೆ ಹೇಳುತ್ತಿದ್ದರೋ, “ಪಂಗ್ತ್ಯಾಗ ತುದಿಗಿ ಕುಂತವರಿಗಿ ತಡ ಆಕ್ಕೈತಿ. ಅದು ಭೇದ ಅಲ್ಲ. ಬಡಸೂದು ಬಿಟ್ರ ಭೇದ,” ಅಂದರು. ಆಮೇಲೆ ಎದ್ದು, ಎಲೆಯ ಧೂಳು ಕೊಡವಿ, ನೆಟ್ಟಗೆ ದವಾಖಾನೆಗೆ ನಡೆದರು.

ಅಲ್ಲಿ ಅವರು ಹಾಕಿದ ಷರತ್ತು ಇಷ್ಟೇ. ಇನ್ನೊಮ್ಮೆ ಮಾಡೋಣ, ಈ ಸಲ ಪುಡಿಕೆ ಕಲಸುವುದಿಲ್ಲ. ಆದರೆ ಬಿಳಿ ದಾರದವರಿಗೆ ಎಂಟೇ ದಿನಕ್ಕೆ ಮದ್ದು ಸಿಗಬೇಕು. ಮೇಲಿನವರ ಕಾಗದ ಬರಲಿ ಬಿಡಲಿ. ಡಾಕ್ಟರರು ಒಪ್ಪಿದರು. ನಮ್ಮ ಓಣಿಯಲ್ಲಿ ಹುಳವಿದ್ದ ಮಕ್ಕಳೇ ಹೆಚ್ಚು ಉಳಿದಿರಲಿಲ್ಲವಾದ್ದರಿಂದ ಅತ್ತೆಯ ತವರಾದ ಗುಡೂರಿಗೆ ಹೋಗಬೇಕಾಯಿತು. ಹುಳ ಬೇಕಾಗಿ ಊರೂರು ಅಲೆದ ವೈದ್ಯರು ಭೂಮಿಯ ಮೇಲೆ ನಾವೇ ಇರಬೇಕು ಎಂದು ಡಾಕ್ಟರರು ಚಕ್ಕಡಿಯಲ್ಲಿ ನಕ್ಕರು.

ನನಗೆ ನಗು ಬರಲಿಲ್ಲ. ಹದಿನೆಂಟು ಪಾಲಾದ ಮದ್ದು ಉಳಿದ ಮಕ್ಕಳಿಗೆ ಸಾಕಾಗಿತ್ತು, ಪಾರಿಗೆ ಸಾಕಾಗಿರಲಿಲ್ಲ. ಮನೆಯಲ್ಲಿದ್ದ ಬೀಜವೆಲ್ಲ ಡಾಕ್ಟರರ ಎಣಿಕೆಗೆ ಹೋಗಿತ್ತು. ಮಳೆಗಾಲ ಬರುವಷ್ಟರಲ್ಲಿ ಅವಳು ಮತ್ತೆ ಸುಣ್ಣ ಕೆರೆಯಲು ಶುರು ಮಾಡಿದ್ದಳು, ಪಾದ ಬಾತಿದ್ದವು. ಚಕ್ಕಡಿಯಲ್ಲಿ ನನ್ನ ತೊಡೆಯ ಮೇಲೆ ಅವಳು ಮಲಗಿದ್ದಳು, ಭಾರವೇ ಇರಲಿಲ್ಲ.

ಗುಡೂರಿನಲ್ಲಿ ಪಾರಿಯೂ ಸೇರಿ ಹದಿನಾರು ಮಕ್ಕಳು, ಎಂಟು ಕೆಂಪು, ಎಂಟು ಬಿಳಿ. ಚೀಟಿ ನಾನೇ ಬರೆದೆ. ಡಾಕ್ಟರರು ಟೋಪಿ ಕುಲುಕಿದರು. ಪಾರಿಯ ಚೀಟಿ ಮತ್ತೆ ಬಿಳಿ ದಾರಕ್ಕೇ ಬಂತು.

ಆ ಸಂಜೆ ಬುಟ್ಟಿ ಮತ್ತೆ ನನ್ನ ಮುಂದಿತ್ತು. ಅತ್ತೆ ಅಲ್ಲೇ ಕೂತಿದ್ದರು, ಈ ಸಲ ಮುಖ ನನ್ನ ಕಡೆಗೇ ಇತ್ತು. ನನ್ನ ಬೆರಳು ಚೀಟಿಯ ತುದಿಯ ಮೇಲೆ ಎಷ್ಟು ಹೊತ್ತು ಇತ್ತೋ ನಾನರಿಯೆ. ಕೆಂಪು ದಾರದ ಕೆಳಗಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದೆ. ಎಲ್ಲರೂ ನನಗೆ ಗೊತ್ತಿಲ್ಲದ ಮಕ್ಕಳು. ಆದರೆ ಆ ಮಧ್ಯಾಹ್ನ ಅವರ ತಾಯಂದಿರು ನನ್ನ ಮುಂದೆ ಕೂತು ಹೆಸರು ಹೇಳಿದ್ದರು, ನಾನು ಸರಿಯಾಗಿ ಬರೆಯುತ್ತೇನೋ ಇಲ್ಲವೋ ಎಂದು ನನ್ನ ಲೇಖನಿಯನ್ನೇ ನೋಡುತ್ತ. ಕೈ ತೆಗೆದೆ.

“ನಮ್ಮ ಪಾರಿ ತುದಿಗಿ ಕುಂತಾಳ,” ಅಂದರು ಅತ್ತೆ. “ಬಡಸ್ತಾರ, ತಡಿ.”

ಎಂಟು ದಿನ. ಬೆಳಗ್ಗೆ ಎದ್ದು ಮೊದಲು ಪಾರಿಯ ಮೂಗಿನ ಬಳಿ ಬೆರಳು, ಆಮೇಲೆ ಮುಖ ತೊಳೆಯುವುದು. ಐದನೆಯ ದಿನ ಅವಳು ಗಂಜಿ ಕಕ್ಕಿದಳು. ನಾನು ಡಾಕ್ಟರರ ಕಾಲು ಹಿಡಿದುಕೊಳ್ಳಲು ಹೋದೆ. ಅವರ ಮುಖವೂ ಬಿಳುಪೇರಿತ್ತು. “ಅಕ್ಕಾರ, ನೀವ ಈಗ ಕೇಳಿದ್ರ ನಾ ಕೊಟ್ಟುಬಿಡ್ತೇನಿ. ಕೇಳ್ತೀರೇನು?” ಅಂದರು. ಹಿಂದೆ ಇನ್ನೂ ಏಳು ತಾಯಂದಿರು ಮಕ್ಕಳನ್ನು ಬಗಲಲ್ಲಿ ಇಟ್ಟುಕೊಂಡು ನಿಂತಿದ್ದರು. ಒಬ್ಬಳೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಜನ್ಮದಲ್ಲಿ ನಾನು ಮಾಡಿದ ಕಷ್ಟದ ಕೆಲಸ ಯಾವುದು ಎಂದರೆ ಅದೇ, ಆ ಬೆಳಗ್ಗೆ ಬಾಯಿ ಮುಚ್ಚಿಕೊಂಡು ಬಿಡಾರಕ್ಕೆ ಮರಳಿ ಬಂದದ್ದು.

ಎಂಟನೆಯ ದಿನ ಮುಗಿದ ನಸುಕಿನಲ್ಲಿ ಬಿಳಿ ದಾರದ ಎಂಟು ಮಕ್ಕಳೂ ಸಾಲಾಗಿ ಕೂತರು. ಅತ್ತೆ ಈ ಸಲ ತುದಿಯಿಂದ ಶುರು ಮಾಡಿದರು. ತುದಿಯಲ್ಲಿ ಪಾರಿ ಕೂತಿದ್ದಳು.

ಕೆಂಪು ದಾರದ ಮಕ್ಕಳಿಗೆ ರಾಶಿ ಹುಳ ಬಿದ್ದವು, ಬೆಲ್ಲ ತಿಂದವರಿಗೆ ಒಂದೆರಡು. ಆಮೇಲೆ ಅವರಿಗೂ ಬೀಜ ಕೊಟ್ಟಾಗ ಅವರಿಗೂ ಅಷ್ಟೇ ಬಿದ್ದವು. ಡಾಕ್ಟರರು ಎಲ್ಲ ಬರೆದುಕೊಂಡರು. ಎಷ್ಟೋ ತಿಂಗಳ ಮೇಲೆ, ಪುಡಿ ಬರುವತನಕ ಬೀಜ ಕೊಡಬಹುದು ಎಂದು ಎರಡು ಸಾಲಿನ ಕಾಗದ ಬಂತಂತೆ. ಅವರಿಗೆ ಮರುವರ್ಷ ಬೇರೆ ಊರಿಗೆ ವರ್ಗವಾಯಿತು. “ತುದಿಗಿ ಕುಂತವರಿಗೂ ಬರ್ತೈತಿ” ಎಂಬ ಅತ್ತೆಯ ಮಾತು ಮಾತ್ರ ನಮ್ಮ ಓಣಿಯಲ್ಲಿ ಉಳಿದುಕೊಂಡಿತು. ಮದುವೆ ತಡವಾದ ಹುಡುಗಿಗೂ ಅದೇ ಸಮಾಧಾನ, ನಲ್ಲಿಯ ಸಾಲಿನಲ್ಲಿ ಕೊನೆಗೆ ನಿಂತವಳಿಗೂ ಅದೇ.

“ಚಿಗವ್ವ, ಎಲಿ ಹಿಡಕೊಂಡ ನಿದ್ದಿ ಮಾಡಾಕತ್ತೀ ಏನ?”

ಕಣ್ಣು ಬಿಟ್ಟರೆ ಎದುರಿಗೆ ಮಾಬು. ಅವಳ ತಲೆಯೂ ಈಗ ಅರ್ಧ ಬೆಳ್ಳಗಾಗಿದೆ, ಅವಳ ಮಕ್ಕಳೇ ಈಗ ನಮ್ಮ ಮನೆಯ ಮಗ್ಗಗಳಿಗೆ ಬಣ್ಣದ ನೂಲು ಕೊಡುವವರು. ನಾಡಿದ್ದು ಪಾರಿಯ ಮೊಮ್ಮಗನ ಜವಳ. ಹೌದು, ಪಾರಿಯ ಮೊಮ್ಮಗ. ಕೂದಲು ಅಜ್ಜಿಯ ತವರಿನಲ್ಲೇ ಇಳಿಯಲಿ ಎಂದು ಅವಳದೇ ಹಟ. ಗೆಳತಿಯ ಮೊಮ್ಮಗನ ಕಾರ್ಯಕ್ಕೆ ಕೈಜೋಡಿಸಲು ಮಾಬು ಎರಡು ದಿನ ಮುಂಚೆಯೇ ಬಂದಿದ್ದಾಳೆ. ನನ್ನ ಪಕ್ಕ ಕೂತು ಎಲೆ ಒರೆಸತೊಡಗಿದಳು.

ಸೆರಗಿನ ಗಂಟು ತೊಡೆಗೆ ಒತ್ತುತ್ತಿತ್ತು. ಇಷ್ಟು ವರ್ಷ ಹೇಳದವಳು ಇವತ್ತು ಏಕೆ ಹೇಳಿದೆನೋ. ಆ ವಾಸನೆಯೇ ಹೇಳಿಸಿತೇನೋ. ಟೋಪಿ, ಚೀಟಿ, ಕೆಂಪು ದಾರ, ಬಿಳಿ ದಾರ, ಎಲ್ಲ ಹೇಳಿದೆ. ಅವಳ ಮುಖ ನೋಡದೆ ಹೇಳಿದೆ.

ಮಾಬು ಒರೆಸುವುದನ್ನು ನಿಲ್ಲಿಸಿದಳು.

“ನಮ್ಮವ್ವಗ ಹೇಳಿದ್ದೇನ?”

“ಇಲ್ಲ.”

“ಹೇಳಬೇಕಿತ್ತು ಚಿಗವ್ವ. ಸಿಟ್ಟ ಮಾಡ್ತಿದ್ಳು, ಎಂಟ ದಿನ ಮಾತ ಬಿಡ್ತಿದ್ಳು. ಆಮ್ಯಾಲ, ಆಕಿಗಿ ಓದಾಕ ಬರ್ತಿದ್ರ ಆಕೀನೂ ಅದನ್ನ ಮಾಡ್ತಿದ್ಳು.” ಅವಳು ಮೂಗು ಒರೆಸಿಕೊಂಡಳು. ಆಮೇಲೆ ಅಂಗೈ ಚಾಚಿದಳು. “ಹಂಗಾರ ಆ ಕೆಂಪ ದಾರದ ಪುಡಿಕಿ ನಂದ ಹೌದಲ್ಲ? ಕೊಡ ಇಲ್ಲಿ.”

ಗಂಟು ಬಿಚ್ಚಿ ಆ ಒಣ ಕಾಯಿಯನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಬೀಜ ಒಳಗೆ ಕಟಕಟ ಅಂದಿತು. ಎಲೆ ಅಡಿಕೆಯ ಸಂಚಿಯಲ್ಲಿ ಅದನ್ನು ಇಟ್ಟುಕೊಂಡು ಬಾಯಿ ಕಟ್ಟಿದಳು.

“ತುದಿಗಿ ಕುಂತಿದ್ದೆ ಚಿಗವ್ವ,” ಅಂದಳು, “ತಡ ಆತು, ಬಂತು.”

ಉಳಿದ ಪತ್ರಾವಳಿಗಳನ್ನು ಇಬ್ಬರೂ ಸೇರಿ ಒರೆಸಿ ಇಟ್ಟೆವು. ನಾಡಿದ್ದು ಊಟಕ್ಕೆ ಮಾಬು ಎಲ್ಲಿ ಕೂಡುತ್ತಾಳೋ ಅಲ್ಲಿಂದ ಬಡಿಸಲು ಶುರು ಮಾಡು ಎಂದು ಸೊಸೆಗೆ ಹೇಳಿದ್ದೇನೆ.